ಹೊಗೆಯಿಲ್ಲದ ಊರಿನಲ್ಲಿ ಬೆಂಕಿಯ ಬಣ್ಣ

2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮುಂಬೈಯ ಬೇಕರಿಗಳಿಗೆ ಆರು ತಿಂಗಳ ಗಡುವು ಹಾಕಿತು. ಸೌದೆ, ಇದ್ದಿಲು ಉರಿಸುವ ಭಟ್ಟಿಗಳು ಅಷ್ಟರೊಳಗೆ ಗ್ಯಾಸಿಗೋ ವಿದ್ಯುತ್ತಿಗೋ ಬದಲಾಗಬೇಕಿತ್ತು. ಮಹಾನಗರ ಪಾಲಿಕೆ ನೋಟೀಸು ಹಂಚಿತು. ತಲೆಮಾರುಗಳಿಂದ ಸೌದೆಯಲ್ಲೇ ಪಾವ್ ಸುಟ್ಟವರಿಗೆ ಆ ಹದ, ಆ ಘಮ ಇನ್ನು ಸಿಕ್ಕೀತೇ ಎಂಬ ಚಿಂತೆ ಹತ್ತಿತು. ಚಳಿಗಾಲದ ಮುಂಜಾನೆ ಈ ಊರಿನ ಗಾಳಿ ಎಳೆದುಕೊಂಡವರಿಗೆ ಆದೇಶದ ಅಗತ್ಯ ಗೊತ್ತಿದೆ. ಬೇಕರಿಯವರ ಚಿಂತೆಯೂ ಅಷ್ಟೇ ನಿಜವಾದದ್ದು.

ಅದೇ ಚಿಂತೆಯನ್ನು ಈ ಊರಿನ ಸ್ಟುಡಿಯೋ ಕುಂಬಾರರು ಬಹಳ ಹಿಂದೆಯೇ ಕಂಡಿದ್ದಾರೆ. ಹೌಸಿಂಗ್ ಸೊಸೈಟಿಯ ಮೂರನೇ ಮಹಡಿಯಲ್ಲಿ ಸೌದೆಯ ಆವಿಗೆ ಕಟ್ಟುವಂತಿಲ್ಲ. ಸಾಲಾಗಿ ಗ್ಯಾಸ್ ಸಿಲಿಂಡರ್ ಜೋಡಿಸಿ ಹನ್ನೆರಡು ಗಂಟೆ ಉರಿ ಹಾಕಲು ಯಾವ ನೆರೆಯವರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಅಂಧೇರಿ, ಗೋರೆಗಾಂವ್, ವಸಾಯಿಯ ಇಂಡಸ್ಟ್ರಿಯಲ್ ಎಸ್ಟೇಟುಗಳ ಗಾಲಾ ಎನ್ನುವ ಸಣ್ಣ ಮಳಿಗೆಗಳಲ್ಲಿ, ಬಂಗಲೆಯ ಗ್ಯಾರೇಜುಗಳಲ್ಲಿ, ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತಿರುವುದು ವಿದ್ಯುತ್ ಆವಿಗೆ. ತ್ರೀ ಫೇಸ್ ಸಂಪರ್ಕ, ಉಕ್ಕಿನ ತಗಡಿನ ಪೆಟ್ಟಿಗೆ, ಒಳಗೆ ಶಾಖ ತಡೆಯುವ ಇಟ್ಟಿಗೆ ಅಥವಾ ಸೆರಾಮಿಕ್ ಫೈಬರ್, ಗೋಡೆಯ ಗೀರುಗಳಲ್ಲಿ ಸುರುಳಿ ಸುತ್ತಿದ ತಂತಿ, ಹೊರಗೆ ತಾಪ ತೋರಿಸುವ ಕಂಟ್ರೋಲರ್. ಸ್ವಿಚ್ ಒತ್ತಿದರೆ 1220 ಡಿಗ್ರಿಗೆ ಏರುತ್ತದೆ. ಹೊಗೆ ಇಲ್ಲ, ಜ್ವಾಲೆ ಇಲ್ಲ, ಬೂದಿ ಇಲ್ಲ.

ಆದರೆ ಮಣ್ಣಿನ ಕೆಲಸಕ್ಕೆ ಮನಸೋತವರು ಮೊದಲು ಮನಸೋಲುವುದು ಹೊಗೆ, ಜ್ವಾಲೆ, ಬೂದಿಗಳು ಬರೆದ ಪಾತ್ರೆಗಳಿಗೆ. ಒಂದು ಮಗ್ಗುಲು ಕೆಂಡಬಣ್ಣ, ಇನ್ನೊಂದು ಮಗ್ಗುಲು ಬೂದು. ಭುಜದ ಮೇಲೆ ಬೂದಿ ಕರಗಿ ಹಸಿರಾಗಿ ಇಳಿದ ಧಾರೆ. ಕಿತ್ತಳೆಯ ಸಿಪ್ಪೆಯಂಥ ಉಪ್ಪಿನ ಮೆರುಗು. ತಾಮ್ರದಿಂದ ಹುಟ್ಟಿದ ನೆತ್ತರುಗೆಂಪು. ಅಂಥ ಪಾತ್ರೆ ನೋಡಿ ಬಂದು ನಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಾಣುವುದು ಸುತ್ತಲೂ ಒಂದೇ ಸಮನಾದ ಬಣ್ಣ. ಈ ಬೇಸರದಲ್ಲಿ ಚಕ್ರ ಬಿಟ್ಟವರನ್ನು ನಾನು ಬಲ್ಲೆ. ಬಿಡಬೇಕಾಗಿರಲಿಲ್ಲ. ಬೆಂಕಿ ಪಾತ್ರೆಗೆ ಕೊಡುತ್ತಿದ್ದದ್ದನ್ನು ಬಿಡಿಬಿಡಿಯಾಗಿ ಗುರುತಿಸಿದರೆ ಅದರ ಬಹುಪಾಲನ್ನು ವಿದ್ಯುತ್ ಆವಿಗೆಯೊಳಕ್ಕೆ ಕರೆತರಲು ದಾರಿಗಳಿವೆ. ಕೆಲವು ದಾರಿ ಹಾದುಹೋಗುವುದು ಆವಿಗೆಯ ಗಾಳಿಯಿಂದಲ್ಲ, ಗ್ಲೇಜಿನ, ಅಂದರೆ ಪಾತ್ರೆಗೆ ಬಳಿಯುವ ಗಾಜಿನ ಮೆರುಗಿನ, ಬಕೆಟಿನಿಂದ.

ಮೊದಲು ಗಾಳಿಯ ಕತೆ. ಸೌದೆಯೋ ಗ್ಯಾಸೋ ಉರಿಯಲು ಆಮ್ಲಜನಕ ಬೇಕು. ಆವಿಗೆಗೆ ಗಾಳಿ ಕಡಿಮೆ ಬಿಟ್ಟರೆ ಅರೆಬರೆ ಉರಿದ ಇಂಧನದಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದು ಹಸಿದ ಅನಿಲ. ಗಾಳಿಯಲ್ಲಿ ಸಿಗದ ಆಮ್ಲಜನಕವನ್ನು ಮಣ್ಣಿನಿಂದ, ಗ್ಲೇಜಿನಿಂದ ಕಿತ್ತುಕೊಳ್ಳುತ್ತದೆ. ಶಾಲೆಯ ಪಠ್ಯದಲ್ಲಿ ಓದಿದ ಅಪಕರ್ಷಣ ಇದೇ; ಸ್ಟುಡಿಯೋದಲ್ಲಿ ಎಲ್ಲರೂ ರಿಡಕ್ಷನ್ ಎನ್ನುತ್ತಾರೆ. ಕೆಂಪು ಕಬ್ಬಿಣದ ಆಕ್ಸೈಡು ಆಮ್ಲಜನಕ ಕಳೆದುಕೊಂಡರೆ ಇನ್ನೊಂದು ರೂಪ ತಾಳುತ್ತದೆ. ಗ್ಲೇಜಿನಲ್ಲಿ ಶೇಕಡಾ ಒಂದೋ ಎರಡೋ ಕಬ್ಬಿಣವಿದ್ದರೆ ಸಾಕು, ರಿಡಕ್ಷನ್ನಿನಲ್ಲಿ ಅದು ಸೆಲಡಾನ್ ಎನ್ನುವ ತಿಳಿನೀಲಿ-ಹಸಿರು. ಅದೇ ಗ್ಲೇಜ್ ಗಾಳಿ ತುಂಬಿದ ವಿದ್ಯುತ್ ಆವಿಗೆಯಲ್ಲಿ ಒಣಹುಲ್ಲಿನ ಹಳದಿ. ತಾಮ್ರದ್ದು ಇನ್ನೂ ದೊಡ್ಡ ಪಲ್ಲಟ: ಇಲ್ಲಿ ಹಸಿರು, ಅಲ್ಲಿ ಕೆಂಪು.

ಈ ವಿದ್ಯೆಗಾಗಿ ಚೀನಾ, ಜಪಾನಿನ ಕಡೆಗೇ ನೋಡಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಅವರು ಮೊದಲು, 1947ರಲ್ಲಿ ಮಾರ್ಟಿಮರ್ ವೀಲರ್ ಆಮೇಲೆ ಅಗೆದಾಗ ಸಿಕ್ಕ ಬೃಹತ್ ಶಿಲಾ ಸಂಸ್ಕೃತಿಯ ಮಡಕೆಗಳನ್ನು ನೆನೆಯಿರಿ. ಒಳಗೂ ಕಂಠದ ಸುತ್ತಲೂ ಅಚ್ಚ ಕಪ್ಪು, ಕೆಳಗೆ ಹೊರಮೈ ಕೆಂಪು. ಬಳಿದ ಬಣ್ಣವಲ್ಲ ಅದು. ಮಡಕೆಗಳನ್ನು ಬೋರಲು ಹಾಕಿ ಸುಟ್ಟಿದ್ದರು, ಬಾಯಿಯ ಭಾಗಕ್ಕೆ ಗಾಳಿ ಸಿಗದೆ ಇಂಗಾಲ ಹಿಡಿಯಿತು, ಹೊರಮೈಗೆ ಗಾಳಿ ಸಿಕ್ಕಿ ಕೆಂಪಾಯಿತು ಎಂಬುದು ವಿದ್ವಾಂಸರು ಕೊಡುವ ಒಂದು ವಿವರಣೆ. ಎರಡು ಸಾವಿರ ವರ್ಷಕ್ಕೂ ಹಿಂದೆ, ಕಂಟ್ರೋಲರ್ ಇಲ್ಲದೆ, ಒಂದೇ ಪಾತ್ರೆಯ ಮೇಲೆ ಉತ್ಕರ್ಷಣ ಅಪಕರ್ಷಣ ಎರಡನ್ನೂ ನೇರ ಗೆರೆ ಎಳೆದಂತೆ ನಿಲ್ಲಿಸಿದವರು ನಮ್ಮ ನೆಲದ ಕುಂಬಾರರು. ಮುಂಬೈಯ ಹಳೆಯ ಛಾವಣಿಗಳ ಮೇಲೆ ಕೂತ ಮಂಗಳೂರು ಹೆಂಚೂ ಇದೇ ಪಾಠದ ಇನ್ನೊಂದು ಪುಟ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಶುರುಮಾಡಿದ ಕಾರ್ಖಾನೆಯ ಹೆಂಚು ಕೆಂಪಾದದ್ದು, ಮಣ್ಣಿನ ಕಬ್ಬಿಣಕ್ಕೆ ಬೇಕಾದಷ್ಟು ಆಮ್ಲಜನಕ ಸಿಕ್ಕಿದ್ದರಿಂದ.

ಮುಂಬೈಯಲ್ಲಿ ಕುಂಬಾರರ ಬೆಂಕಿಗೆ ದೊಡ್ಡ ಚರಿತ್ರೆಯಿದೆ. ಸೌರಾಷ್ಟ್ರದಿಂದ ಬಂದ ಪ್ರಜಾಪತಿ ಕುಟುಂಬಗಳು ಮೊದಲು ದಕ್ಷಿಣ ಮುಂಬೈಯಲ್ಲಿ ನೆಲೆಸಿದ್ದವು. ಅಲ್ಲಿ ಕುಂಭಾರ್‌ವಾಡಾ ಎಂಬ ಹೆಸರು ಮಾತ್ರ ಈಗ ಉಳಿದಿದೆ. ಊರು ಬೆಳೆದಂತೆ ಹೊಗೆಯ ಕಸುಬನ್ನು ಅಂಚಿಗೆ ತಳ್ಳಿದರು, ಅಂಚು ಆಗ ಧಾರಾವಿಯಾಗಿತ್ತು. ಈಗ ಧಾರಾವಿ ಊರಿನ ನಡುವಾಗಿದೆ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಿಂದ ಅಲ್ಲಿಗೆ ಹೆಚ್ಚು ದೂರವಿಲ್ಲ. ಅಲ್ಲಿಯ ಕುಂಭಾರ್‌ವಾಡಾದ ಓಣಿಗಳಲ್ಲಿ ಇಂದಿಗೂ ಮನೆಯ ಮುಂದೆಯೇ ತೆರೆದ ಭಟ್ಟಿ, ಬಟ್ಟೆ ಗಿರಣಿಗಳ ಹತ್ತಿ ತ್ಯಾಜ್ಯ, ಚಿಂದಿಯ ಉರಿ, ದೀಪಾವಳಿಗೆ ಮುನ್ನ ರಾಶಿ ರಾಶಿ ಹಣತೆ. ಆ ಹೊಗೆಯಲ್ಲಿ ಮಕ್ಕಳು ಬೆಳೆಯುತ್ತಾರೆ. ಹೊಗೆಯ ಸೌಂದರ್ಯವನ್ನು ಹೊಗಳುವ ಮೊದಲು ಅಲ್ಲಿ ಅರ್ಧ ಗಂಟೆ ನಿಲ್ಲಬೇಕು. ಕಣ್ಣು ಉರಿದ ಮೇಲೆ ಮಾತು ತಾನಾಗಿ ತೂಕಕ್ಕೆ ಬರುತ್ತದೆ.

ಇನ್ನೊಂದು ಎಳೆ 1857ರಲ್ಲಿ ಶುರುವಾದ ಜೆ.ಜೆ. ಕಲಾಶಾಲೆಯದು. 1870ರ ದಶಕದಲ್ಲಿ ಜಾರ್ಜ್ ಟೆರಿ ಅಲ್ಲಿ ಕುಂಬಾರಿಕೆಯ ಕಾರ್ಯಾಗಾರ ನಡೆಸಿದರು. ಸಿಂಧ್ ಪ್ರಾಂತದ ಗ್ಲೇಜಿನ ಪರಂಪರೆ, ಅಜಂತಾದ ಚಿತ್ರಗಳು ಒಂದೇ ಹೂಜಿಯ ಮೇಲೆ ಕೂಡಿದವು. ಬೈಕಲ್ಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿ ಆ ಪಾತ್ರೆಗಳನ್ನು ನೋಡಬಹುದು. ನಮ್ಮ ಕಾಲಕ್ಕೆ ಬಂದರೆ ಭಾಯಂದರಿನ ಬ್ರಹ್ಮದೇವ್ ರಾಮ್ ಪಂಡಿತ್. ಬಿಹಾರದ ಕುಂಬಾರ ಮನೆತನದಿಂದ ಬಂದು ಉಪನಗರದ ಅಂಚಿನಲ್ಲಿ ಸ್ಟುಡಿಯೋ ಕಟ್ಟಿ, 2013ರಲ್ಲಿ ಪದ್ಮಶ್ರೀ ಪಡೆದವರು. ಅವರ ಸ್ಟೋನ್‌ವೇರ್ ಪಾತ್ರೆಗಳ ಮುಂದೆ ನಿಂತು ಮುಂಬೈಯ ಎಷ್ಟೋ ಜನ ಮೊದಲ ಬಾರಿಗೆ ಗ್ಲೇಜ್ ಎಂದರೆ ಏನೆಂದು ಅರಿತರು. ದಕ್ಷಿಣದಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ತೆರೆದ ಗೋಲ್ಡನ್ ಬ್ರಿಜ್ ಪಾಟರಿಯಿಂದ ಕಲಿತು ಹೊರಟ ತಲೆಮಾರು ದೇಶದ ತುಂಬ ಹರಡಿತು. ಅವರಿಗೆ ಅಂಗಳವಿತ್ತು, ಸೌದೆಯಿತ್ತು. ನಮಗೆ ಮೀಟರಿದೆ.

ವಿದ್ಯುತ್ ಆವಿಗೆಯಲ್ಲೇ ನೇರವಾಗಿ ಹೊಗೆ ಎಬ್ಬಿಸಿದರಾಗದೇ ಎಂದು ಹೊಸಬರು ಕೇಳುತ್ತಾರೆ. ಇಣುಕುಗಂಡಿಯಿಂದ ಸೌದೆ ಚೂರು, ನ್ಯಾಫ್ತಲೀನ್ ಗುಳಿಗೆ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಮೊದಲ ಕಾರಣ ಕಾರ್ಬನ್ ಮಾನಾಕ್ಸೈಡ್: ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯುತ್ತದೆ. ಎರಡನೆಯದು ತಂತಿ. ಆವಿಗೆಯ ಸುರುಳಿ ಸಾಮಾನ್ಯವಾಗಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹದ್ದು. 1931ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಕಾಂತಾಲ್ ಎಂಬ ಹೆಸರಿನಿಂದಲೇ ಎಲ್ಲರಿಗೂ ಪರಿಚಯ. ಕಾದಾಗ ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ, ಆ ಪೊರೆಯೇ ತಂತಿಯ ಆಯುಸ್ಸು. ರಿಡಕ್ಷನ್ ಆ ಪೊರೆಯನ್ನು ಸವೆಸುತ್ತದೆ. ಉಪ್ಪು ಎಸೆದರಂತೂ ಸೋಡಿಯಂ, ಕ್ಲೋರಿನ್ ಎರಡೂ ಸೇರಿ ತಂತಿಯನ್ನೂ ಇಟ್ಟಿಗೆಯನ್ನೂ ತಿಂದುಹಾಕುತ್ತವೆ. ಹಾಗಾಗಿ ಆವಿಗೆಯ ಗಾಳಿಯನ್ನು ಅದರ ಪಾಡಿಗೆ ಬಿಟ್ಟು ರಿಡಕ್ಷನ್ನನ್ನು ಇನ್ನೆಲ್ಲಾದರೂ ಹುಟ್ಟಿಸಬೇಕು.

ಹುಟ್ಟಿಸುವ ಜಾಗ ಗ್ಲೇಜಿನ ಒಳಗೇ ಇದೆ. ಸಾಣೆಕಲ್ಲು, ಉಜ್ಜುವ ಕಾಗದಕ್ಕೆ ಬಳಸುವ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಬಹು ನುಣ್ಣಗೆ, 600 ಮೆಶ್ಶಿಗಿಂತಲೂ ಸಣ್ಣದಾಗಿ ತರಿಸಿ, ಗ್ಲೇಜಿಗೆ ಶೇಕಡಾ ಒಂದಕ್ಕೂ ಕಡಿಮೆ ಬೆರೆಸುತ್ತಾರೆ. ಗ್ಲೇಜ್ ಕರಗುವಾಗ ಆ ಕಣದ ಇಂಗಾಲ ಪಕ್ಕದ ತಾಮ್ರದ ಆಕ್ಸೈಡಿನಿಂದ ಆಮ್ಲಜನಕ ಕಸಿದುಕೊಳ್ಳುತ್ತದೆ, ಸಿಲಿಕಾನ್ ಗಾಜಿನಲ್ಲಿ ಬೆರೆತುಹೋಗುತ್ತದೆ. ಆವಿಗೆಯ ತುಂಬ ಗಾಳಿಯಿದ್ದರೂ ಮೆರುಗಿನ ಒಳಗೆ ಮಾತ್ರ ರಿಡಕ್ಷನ್. ಶೇಕಡಾ ಅರ್ಧದಷ್ಟು ತಾಮ್ರದ ಕಾರ್ಬೊನೇಟ್, ಒಂದಿಷ್ಟು ಟಿನ್ ಆಕ್ಸೈಡ್ ಜೊತೆಗಿದ್ದರೆ ಕೆಂಪು ಹುಟ್ಟುತ್ತದೆ. ಗ್ಯಾಸಿನ ಆವಿಗೆಯ ಕೆಂಪಿಗೆ ಇರುವ ಆಳ ಇದಕ್ಕೆ ಎಲ್ಲ ಸಲ ಬರುವುದಿಲ್ಲ. ಬಂದಾಗ ಎರಡರ ವ್ಯತ್ಯಾಸ ಗುರುತಿಸುವುದು ಕಷ್ಟ. ಪುಡಿ ದಪ್ಪವಾದರೆ ಅನಿಲದ ಗುಳ್ಳೆಗಳು ದೊಡ್ಡದಾಗಿ ಮೇಲೆದ್ದು ಮೈಯೆಲ್ಲ ಕುಳಿ ಬೀಳುತ್ತದೆ.

ಆ ಕುಳಿಗಳನ್ನೇ ಬೇಕೆಂದು ಬಯಸಿದವರು ಲೂಸಿ ರೀ. ಮುಂಬೈಯ ಪ್ರತಿಯೊಬ್ಬ ಫ್ಲ್ಯಾಟ್ ಕುಂಬಾರರೂ ತಿಳಿದಿರಬೇಕಾದ ಬದುಕು ಇವರದು. 1902ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು, ನಾಜಿಗಳಿಂದ ತಪ್ಪಿಸಿಕೊಂಡು 1938ರಲ್ಲಿ ಲಂಡನ್ನಿಗೆ ಬಂದರು. ಹೈಡ್ ಪಾರ್ಕ್ ಹತ್ತಿರ ಆಲ್ಬಿಯನ್ ಮ್ಯೂಸ್ ಎಂಬ ಗಲ್ಲಿಯಲ್ಲಿ, ಒಂದು ಕಾಲಕ್ಕೆ ಕುದುರೆ ಲಾಯವಾಗಿದ್ದ ಸಣ್ಣ ಕಟ್ಟಡದಲ್ಲಿ ಕೆಳಗೆ ಕೆಲಸ, ಮೇಲೆ ವಾಸ. ಯುದ್ಧದ ದಿನಗಳಲ್ಲಿ ಹೊಟ್ಟೆಪಾಡಿಗೆ ಸೆರಾಮಿಕ್ ಗುಂಡಿಗಳನ್ನು ಮಾಡಿದರು. ಬ್ರಿಟನ್ನಿನಲ್ಲಿ ಆಗ ಕುಂಬಾರ ಬರ್ನಾರ್ಡ್ ಲೀಚ್ ಅವರ ಮಾತೇ ಮಾನದಂಡ: ದಪ್ಪ ಮೈ, ದೊಡ್ಡ ಉರಿ, ಜಪಾನಿನ ದಾರಿ. ರೀ ಅವರ ತೆಳ್ಳನೆಯ, ನಗರದ ಪಾತ್ರೆಗಳು ಲೀಚ್‌ಗೆ ಮೊದಮೊದಲು ಹಿಡಿಸಲಿಲ್ಲ. ಆಕೆ ಬೇಸರಪಟ್ಟರು, ಸ್ವಲ್ಪಕಾಲ ಆ ದಾರಿಯನ್ನೂ ತುಳಿದು ನೋಡಿದರು, ಆಮೇಲೆ ತಮ್ಮ ದಾರಿಗೆ ಮರಳಿದರು. ಆ ದಾರಿ ವಿದ್ಯುತ್ ಆವಿಗೆಯದು. ಹಸಿ ಪಾತ್ರೆಗೇ ಬ್ರಷ್ಷಿನಿಂದ ಗ್ಲೇಜ್ ಬಳಿದು ಒಂದೇ ಸಲ ಸುಡುತ್ತಿದ್ದರು, 1250 ಡಿಗ್ರಿಯ ಆಸುಪಾಸು. ಸಿಲಿಕಾನ್ ಕಾರ್ಬೈಡಿನಿಂದ ಜ್ವಾಲಾಮುಖಿಯ ಕಲ್ಲಿನಂಥ ಮೈ. ಮ್ಯಾಂಗನೀಸಿನಿಂದ ಕಂಚಿನಂಥ ಕಂಠ, ಅದು ಕರಗಿ ಕೆಳಗಿಳಿದ ಧಾರೆ. ಒಳಗಿನ ಮಣ್ಣಿನ ಬಣ್ಣ ಮೇಲಿನ ಗ್ಲೇಜನ್ನು ಇರಿದು ಬಂದ ಚುಕ್ಕೆ. ತೊಂಬತ್ತರ ಹೊಸ್ತಿಲವರೆಗೂ ಅವರು ದುಡಿದರು. 1995ರಲ್ಲಿ ತೀರಿಕೊಂಡಾಗ ಇಪ್ಪತ್ತನೆಯ ಶತಮಾನದ ಕುಂಬಾರಿಕೆಯ ದೊಡ್ಡ ಹೆಸರುಗಳಲ್ಲಿ ಅವರದೂ ಒಂದಾಗಿತ್ತು. ಅವರ ಪಾತ್ರೆಯ ಮುಂದೆ ನಿಂತವರು ಯಾರೂ ಇದು ಸೌದೆಯಲ್ಲಿ ಬೆಂದಿದ್ದರೆ ಚೆನ್ನಿತ್ತು ಎನ್ನುವುದಿಲ್ಲ.

ಇನ್ನು ಬೂದಿ. ಸೌದೆಯ ಆವಿಗೆಯಲ್ಲಿ ಬೂದಿ ಜ್ವಾಲೆಯ ಜೊತೆ ಹಾರಿ ಪಾತ್ರೆಯ ಎದುರುಮೈ ಮೇಲೆ, ಭುಜದ ಮೇಲೆ ಕೂರುತ್ತದೆ. ಮರದ ಬೂದಿಯಲ್ಲಿ ಸುಣ್ಣದ ಅಂಶವೇ ಹೆಚ್ಚು, ಜೊತೆಗೆ ಪೊಟ್ಯಾಷ್, ಮೆಗ್ನೀಷಿಯಾ, ಒಂದಿಷ್ಟು ರಂಜಕ. ದೊಡ್ಡ ತಾಪದಲ್ಲಿ ಅದು ಮಣ್ಣಿನ ಸಿಲಿಕಾದೊಡನೆ ಸೇರಿ ಗಾಜಾಗುತ್ತದೆ. ವಿದ್ಯುತ್ ಆವಿಗೆಯಲ್ಲಿ ಹಾರಿಸುವವರಿಲ್ಲ, ನಾವೇ ಹಾರಿಸಬೇಕು. ಬೂದಿಯನ್ನು ಜರಡಿ ಹಿಡಿದು, ನೀರಿನಲ್ಲಿ ಕದಡಿ, ಸ್ಪ್ರೇ ಗನ್ನಿನಿಂದ ಪಾತ್ರೆಯ ಒಂದೇ ದಿಕ್ಕಿಗೆ, ಮೇಲಿನಿಂದ ಓರೆಯಾಗಿ ಎರಚುತ್ತೇವೆ. ಉರಿ ಎಲ್ಲಿಂದ ಬಂದೀತು, ಪಕ್ಕದ ಪಾತ್ರೆ ಎಲ್ಲಿ ಅಡ್ಡ ನಿಂತೀತು ಎಂದು ಮನಸ್ಸಿನಲ್ಲೇ ಒಂದು ಆವಿಗೆಯನ್ನು ತುಂಬಿಕೊಂಡು ಎರಚಬೇಕು. ಸುತ್ತಲೂ ಒಂದೇ ಸಮ ಎರಚಿದರೆ ಸತ್ತಂತೆ ಕಾಣುತ್ತದೆ. 1220ಕ್ಕೆ ಬರೀ ಬೂದಿ ಸರಿಯಾಗಿ ಕರಗದು, ಬೋರಾನ್ ಇರುವ ಫ್ರಿಟ್, ಅಂದರೆ ಮೊದಲೇ ಕರಗಿಸಿ ಪುಡಿಮಾಡಿದ ಗಾಜು, ಸ್ವಲ್ಪ ಬೆರೆಸಬೇಕು. ನಮ್ಮ ಕಡೆಯ ಭತ್ತದ ಹೊಟ್ಟಿನ ಬೂದಿಯ ಸ್ವಭಾವವೇ ಬೇರೆ. ಅದರಲ್ಲಿ ಶೇಕಡಾ 85ರಿಂದ 95ರಷ್ಟು ಸಿಲಿಕಾ. ಅದು ಗ್ಲೇಜನ್ನು ಕರಗಿಸುವುದಿಲ್ಲ, ಹಾಲಿನಂಥ ಬಿಳಿ ಮಬ್ಬು ಕೊಡುತ್ತದೆ. ಜಪಾನಿನ ನುಕಾ ಗ್ಲೇಜಿನ ಗುಟ್ಟು ಇದೇ ಹೊಟ್ಟು. ಅಕ್ಕಿ ಗಿರಣಿಯಿರುವ ಯಾವ ಊರಿನಿಂದಲೂ ಒಂದು ಚೀಲ ತರಬಹುದು.

ಬೇಕರಿಯ ಬೂದಿ ತಂದು ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಎಷ್ಟೋ ಸಲ ಉರಿಯುತ್ತಿದ್ದದ್ದು ಕೆಡವಿದ ಮನೆಗಳ ಕಿಟಕಿ, ಬಾಗಿಲು, ಹಳೆಯ ಪೀಠೋಪಕರಣ. ಹಳೆಯ ಬಣ್ಣದಲ್ಲಿ ಸೀಸ ಇದ್ದೀತು, ಬೂದಿಗೂ ಬಂದೀತು. ಅಲಂಕಾರದ ಹೂದಾನಿಗೆ ಸರಿ, ಊಟದ ತಟ್ಟೆಗೆ ಬೇಡ. ತೊಳೆಯದ ಬೂದಿನೀರು ಕೈಯನ್ನು ಸುಡುತ್ತದೆ ಎಂಬುದೂ ನೆನಪಿರಲಿ, ಕೈಗವಸು ಬೇಕು.

ಉಪ್ಪು, ಸೋಡಾದ ಪರಿಣಾಮಗಳ ವಿಷಯದಲ್ಲಿ ನನ್ನ ಉತ್ಸಾಹ ಕಡಿಮೆ. ಹಳೆಯ ಮನೆಗಳ ಚರಂಡಿಗೆ ಹೂಳುತ್ತಿದ್ದ ಕಂದು ಸ್ಟೋನ್‌ವೇರ್ ಪೈಪಿನ ಮಿರುಗು ಉಪ್ಪಿನದು. ಕಾದ ಆವಿಗೆಗೆ ಉಪ್ಪು ಎಸೆದಾಗ ಸೋಡಿಯಂ ಆವಿಯಾಗಿ ಮಣ್ಣಿನ ಮೇಲೆ ಗಾಜಾಗುತ್ತದೆ. ಆ ಆವಿಯಿಲ್ಲದೆ ಕಿತ್ತಳೆ ಸಿಪ್ಪೆಯ ಮೈ ಬರುವುದಿಲ್ಲ. ಬೆಂಕಿ ಸವರಿದ ಕೆಂಬಣ್ಣವನ್ನು ಮಾತ್ರ ತಕ್ಕಮಟ್ಟಿಗೆ ತರಬಹುದು: ಚೈನಾ ಕ್ಲೇ, ಸೋಡಾ ಫೆಲ್ಡ್‌ಸ್ಪಾರ್ ಕದಡಿದ ತೆಳು ಲೇಪದ ಮೇಲೆ ಸೋಡಾ ಬೂದಿಯ ನೀರನ್ನು ಸ್ಪಂಜಿನಿಂದ ಅಲ್ಲಲ್ಲಿ ಒತ್ತಿದರೆ, ಒಣಗುವಾಗ ಸೋಡಾ ಅಂಚುಗಳಿಗೆ ವಲಸೆ ಹೋಗಿ ಅಲ್ಲಿ ಕೆಂಪೇರುತ್ತದೆ. ಮಳೆಗಾಲದ ಮುಂಬೈಯಲ್ಲಿ ಈ ಕೆಲಸ ಹಿಡಿಯಬೇಡಿ. ಜುಲೈಯ ಗಾಳಿಯಲ್ಲಿ ಪಾತ್ರೆ ಒಣಗುವುದೇ ಇಲ್ಲ, ಸೋಡಾ ಮೈತುಂಬ ಹರಡಿಕೊಳ್ಳುತ್ತದೆ. ಮುಚ್ಚಿದ ಮಣ್ಣಿನ ಡಬ್ಬಿಯಲ್ಲಿ, ಅಂದರೆ ಸ್ಯಾಗರಿನಲ್ಲಿ, ಇದ್ದಿಲು, ಮರದ ಹೊಟ್ಟು, ತಾಮ್ರದ ತಂತಿ ತುಂಬಿ ಪಾತ್ರೆಯನ್ನು ಹೂತು ಸುಡುವ ದಾರಿಯೂ ಇದೆ. ಕರಿ, ಗುಲಾಬಿ ಮೋಡಗಳಂಥ ಕಲೆ ಸಿಗುತ್ತದೆ. ಡಬ್ಬಿಯ ಸಂದಿನಿಂದ ಹೊಗೆ ಜಿನುಗುವುದರಿಂದ ಹೊರಗಾಳಿಗೆ ಎಳೆದುಬಿಡುವ ಎಕ್ಸಾಸ್ಟ್ ಇಲ್ಲದ ಕೋಣೆಯಲ್ಲಿ ಅದನ್ನು ಮಾಡುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮಟ್ಟಿಗೆ ದೊಡ್ಡ ಸಂಗತಿ ಉಳಿದೇ ಇದೆ. ಅದು ಆವಿಗೆ ಆರುವ ರೀತಿ. ಗ್ಯಾಸ್, ಸೌದೆಯ ದೊಡ್ಡ ಆವಿಗೆಗಳ ಗೋಡೆಯಲ್ಲಿ ಟನ್ನುಗಟ್ಟಲೆ ಇಟ್ಟಿಗೆ. ಉರಿ ನಿಂತ ಮೇಲೆ ಅವು ಎರಡು, ಮೂರು ದಿನ ಬಿಸಿ ಹಿಡಿದಿರುತ್ತವೆ. ನಮ್ಮ ಸಣ್ಣ ಪೆಟ್ಟಿಗೆ, ಅದರಲ್ಲೂ ಫೈಬರ್ ಹೊದಿಸಿದ್ದು, ಸ್ವಿಚ್ ಆರಿಸಿದ ಕೂಡಲೇ ಧಡಧಡ ಇಳಿಯುತ್ತದೆ. ವಾತಾವರಣದ ಕೊಡುಗೆ ಎಂದು ನಾವು ತಿಳಿದಿದ್ದ ಎಷ್ಟೋ ಸೊಬಗು ನಿಜಕ್ಕೂ ಈ ನಿಧಾನದ ಕೊಡುಗೆ. ಬೆಲ್ಲದ ಪಾಕವನ್ನು ತಟ್ಟನೆ ತಣ್ಣೀರಿಗೆ ಸುರಿದರೆ ಗಾಜಿನಂತೆ ಗಟ್ಟಿಯಾಗುತ್ತದೆ, ನಿಧಾನವಾಗಿ ಬಿಟ್ಟರೆ ಹರಳುಗಟ್ಟುತ್ತದೆ. ಗ್ಲೇಜಿನಲ್ಲೂ ಅದೇ ನಡೆಯುತ್ತದೆ. ಕಬ್ಬಿಣ, ಟೈಟಾನಿಯಂ, ಮೆಗ್ನೀಷಿಯಂ ಸಂಯುಕ್ತಗಳು ಕರಗಿದ ಗಾಜಿನಿಂದ ಬೇರ್ಪಟ್ಟು ಸೂಕ್ಷ್ಮ ಹರಳಾಗಿ ನಿಲ್ಲಲು ಸಮಯ ಬೇಡುತ್ತವೆ. ಸಮಯ ಕೊಡದಿದ್ದರೆ ಹೊಳೆಯುವ, ಚಪ್ಪಟೆ ಕಂದುಬಣ್ಣ. ಕೊಟ್ಟರೆ ಅದೇ ಗ್ಲೇಜಿನ ಮೇಲೆ ತುಕ್ಕಿನ ಕೆಂಪು, ಚಿನ್ನದ ಹುಡಿ, ರೇಷ್ಮೆಯ ಮಬ್ಬು.

ಹಾಗಾಗಿ ನಾವು ಆರಿಸುವುದನ್ನೂ ಸುಡುವಷ್ಟೇ ಜತನದಿಂದ ಮಾಡುತ್ತೇವೆ. 1220ರಲ್ಲಿ ಹದಿನೈದಿಪ್ಪತ್ತು ನಿಮಿಷ ನಿಲ್ಲಿಸಿ, 1050ರ ಸುಮಾರಿಗೆ ತಾನಾಗಿ ಇಳಿಯಲು ಬಿಟ್ಟು, ಅಲ್ಲಿಂದ 800ರವರೆಗೆ ಗಂಟೆಗೆ 50 ಡಿಗ್ರಿಯಂತೆ ಇಳಿಸುವುದು. ಅಂದರೆ ಇಳಿಯುವಾಗಲೂ ಆಗಾಗ ತಂತಿ ಕಾಯಬೇಕು. ಇದಕ್ಕೆ ಐದು ತಾಸು ಹೆಚ್ಚು ಬೇಕು, ಬಿಲ್ಲೂ ಏರುತ್ತದೆ. ದಶಕಗಳ ಕಾಲ ಗ್ಯಾಸಿನ ರಿಡಕ್ಷನ್ನಿನಲ್ಲಿ ಹೆಸರು ಮಾಡಿದ ಅಮೆರಿಕದ ಸ್ಟೀವನ್ ಹಿಲ್ ವಿದ್ಯುತ್ ಆವಿಗೆಗೆ ಬಂದಾಗ ನೆಚ್ಚಿಕೊಂಡದ್ದು ಎರಡನ್ನೇ: ಒಂದರ ಮೇಲೊಂದು ಹಲವು ಗ್ಲೇಜುಗಳನ್ನು ದಪ್ಪ-ತೆಳು ಮಾಡಿ ಸ್ಪ್ರೇ ಮಾಡುವುದು, ನಿಧಾನ ಆರಿಸುವುದು. ಅವರ ಪಾತ್ರೆಗಳ ಮೇಲೆ ಬಣ್ಣ ಕಂಠದಿಂದ ಪಾದದವರೆಗೆ ಹರಿದು ಬದಲಾಗುವುದನ್ನು ಕಂಡ ಮೇಲೆ ನಮ್ಮಲ್ಲೂ ಎಷ್ಟೋ ಜನ ಬ್ರಷ್ ಬಿಟ್ಟು ಸ್ಪ್ರೇ ಗನ್ ಹಿಡಿದರು. ಸ್ಪ್ರೇ ಎಂದರೆ ಸಿಲಿಕಾ ಧೂಳು. ಸರಿಯಾದ ರೆಸ್ಪಿರೇಟರ್, ಗಾಳಿ ಹೊರಗೆಳೆಯುವ ಬೂತ್ ಇಲ್ಲದೆ ಮಾಡಿದರೆ ಶ್ವಾಸಕೋಶದ ಸಿಲಿಕೋಸಿಸ್ ಕಾದಿರುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೆಂಕಿಯ ಆವಿಗೆಯಿಂದ ತಂದ ಪಾಠ. ವಿದ್ಯುತ್ ಆವಿಗೆಗೆ ಹುಟ್ಟಿನಿಂದಲೇ ಒಗ್ಗುವ ಒಂದು ವಿದ್ಯೆಯೂ ಇದೆ. ಸಾಂಗ್ ರಾಜವಂಶದ ಕಾಲದಲ್ಲಿ, ಅಂದರೆ 960ರಿಂದ 1279ರ ನಡುವೆ, ಚೀನಾದ ಫುಜಿಯಾನ್ ಪ್ರಾಂತದ ಜಿಯಾನ್ ಆವಿಗೆಗಳಲ್ಲಿ ಕಪ್ಪು ಟೀ ಬಟ್ಟಲುಗಳು ಬೆಂದವು. ಕೆಲವುಗಳ ಮೈಮೇಲೆ ಎಣ್ಣೆಯ ಹನಿಯಂಥ ಬೆಳ್ಳಿ ಚುಕ್ಕೆಗಳು. ಕಬ್ಬಿಣ ಹೇರಳವಾಗಿರುವ ದಪ್ಪ ಗ್ಲೇಜಿನಲ್ಲಿ, ಸುಮಾರು 1230 ಡಿಗ್ರಿ ದಾಟಿದ ಮೇಲೆ, ಕೆಂಪು ಕಬ್ಬಿಣದ ಆಕ್ಸೈಡು ಯಾರೂ ಕಸಿಯದೆಯೇ ತನ್ನ ಆಮ್ಲಜನಕದ ಒಂದು ಪಾಲನ್ನು ಬಿಟ್ಟುಕೊಡುತ್ತದೆ. ಆ ಆಮ್ಲಜನಕ ಗುಳ್ಳೆಯಾಗಿ ಮೇಲೇರುವಾಗ ಕಬ್ಬಿಣವನ್ನೂ ಎಳೆದು ತರುತ್ತದೆ, ಗುಳ್ಳೆ ಒಡೆದಲ್ಲಿ ಕಬ್ಬಿಣದ ಚುಕ್ಕೆ ಕೂರುತ್ತದೆ. ಇದಕ್ಕೆ ಆವಿಗೆಯಲ್ಲಿ ಧಾರಾಳ ಗಾಳಿ ಬೇಕು. ರಿಡಕ್ಷನ್ ಆದರೆ ಕಬ್ಬಿಣ ಮೊದಲೇ ಆಮ್ಲಜನಕ ಕಳೆದುಕೊಂಡು ಗುಳ್ಳೆಯೇ ಏಳುವುದಿಲ್ಲ. ಸೌದೆಯವರು ಹೆಣಗಿ ಪಡೆಯುತ್ತಿದ್ದ ಈ ಸ್ಥಿತಿ ನಮ್ಮ ಪೆಟ್ಟಿಗೆಯಲ್ಲಿ ಸದಾ ಇದೆ. ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಬಟ್ಟಲು ಅಂಧೇರಿಯ ಗಾಲಾದಲ್ಲಿ ಹುಟ್ಟಲು ಅಡ್ಡಿಯೇನೂ ಇಲ್ಲ, 1250ರ ಆಚೆ ಹೋಗಬಲ್ಲ ತಂತಿ ಇದ್ದರೆ ಸಾಕು.

ಇದನ್ನೆಲ್ಲ ನಕಲು ಎನ್ನುವವರಿದ್ದಾರೆ. ಸೌದೆಯ ಆವಿಗೆಯ ಪಾತ್ರೆ ಎಂದು ಹೇಳಿ ವಿದ್ಯುತ್ ಆವಿಗೆಯದನ್ನು ಮಾರಿದರೆ ಅದು ಮೋಸ, ಅನುಮಾನವಿಲ್ಲ. ಆದರೆ ಬೂದಿ ಬೂದಿಯೇ, ಕಬ್ಬಿಣ ಕಬ್ಬಿಣವೇ, ಹರಳುಗಟ್ಟಿದ್ದು ಹರಳೇ. ಅವು ಯಾವ ದಾರಿಯಿಂದ ಪಾತ್ರೆಯ ಮೇಲೆ ಬಂದವು ಎಂಬುದಷ್ಟೇ ಬೇರೆ. ಬೆಂಕಿ ಮಾಡುತ್ತಿದ್ದ ಆಯ್ಕೆಗಳನ್ನು ಈಗ ಕುಂಬಾರ ಮಾಡಬೇಕು. ಎಲ್ಲಿ ದಪ್ಪ, ಎಲ್ಲಿ ಬರಿದು, ಎಷ್ಟು ಹೊತ್ತು. ಅದು ಹೊಣೆಗಾರಿಕೆಯನ್ನು ಹೆಚ್ಚಿಸುತ್ತದೆ. ವಿದ್ಯುತ್ತಿನ ಆವಿಗೆ ಶುದ್ಧ ಎಂದೂ ನಾನು ಹೇಳಲಾರೆ. 1915ರಿಂದ ಖೋಪೋಲಿಯ ಜಲವಿದ್ಯುತ್ ಕೇಂದ್ರ ಸಹ್ಯಾದ್ರಿಯ ಮಳೆಯನ್ನು ಈ ಊರಿಗೆ ಬೆಳಕಾಗಿ, ಬಲವಾಗಿ ಕಳಿಸುತ್ತಿದೆ ನಿಜ. ಟ್ರಾಂಬೆಯಲ್ಲಿ ಕಲ್ಲಿದ್ದಲೂ ಉರಿಯುತ್ತದೆ. ಆರು ಕಿಲೋವಾಟಿನ ಸಣ್ಣ ಆವಿಗೆ ಹತ್ತು ಗಂಟೆ ಬಿಡದೆ ಉರಿದರೆ 60 ಯೂನಿಟ್. ಆವಿಗೆ ತುಂಬುವವರೆಗೆ ಕಾಯುವುದು, ಹಸಿಯಲ್ಲೇ ಗ್ಲೇಜ್ ಬಳಿದು ಒಂದೇ ಸಲ ಸುಡುವುದು, ಲೂಸಿ ರೀ ಮಾಡಿದಂತೆ, ನಾವು ಮಾಡಬಹುದಾದ ಉಳಿತಾಯ.

ಉಣ್ಣುವ ಪಾತ್ರೆಗಳ ಬಗ್ಗೆ ಇನ್ನೊಂದು ಮಾತು. ತಾಮ್ರ, ಮ್ಯಾಂಗನೀಸ್ ಹೆಚ್ಚಿರುವ ಗ್ಲೇಜು ಹುಳಿಗೆ ಸೋಲುತ್ತದೆ, ನಮ್ಮ ಅಡುಗೆಯಲ್ಲಿ ಹುಣಸೆ, ನಿಂಬೆ, ಕೋಕಂ ಇಲ್ಲದ ದಿನವಿಲ್ಲ. ಹೊಸ ಗ್ಲೇಜಿನ ಬಟ್ಟಲಿನಲ್ಲಿ ನಿಂಬೆ ಹೋಳೊಂದನ್ನು ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತೊಳೆದು ನೋಡಿ. ಬಣ್ಣ ಮಾಸಿದ್ದರೆ ಅದನ್ನು ಸಾರಿಗೆ ಕೊಡಬೇಡಿ. ಮಾಸದಿದ್ದರೂ, ಮಾರುವ ಪಾತ್ರೆಯಾದರೆ ಪ್ರಯೋಗಾಲಯದ ಪರೀಕ್ಷೆ ಬೇಕು. ಮ್ಯಾಂಗನೀಸ್ ಸುಡುವಾಗಲೂ ವಿಷದ ಹೊಗೆ ಬಿಡುತ್ತದೆ, ಆ ಹೊತ್ತು ಆವಿಗೆಯ ಕೋಣೆಯಲ್ಲಿ ಕೂರಬಾರದು.

ನಾನು ಈಗ ಹಿಡಿದಿರುವುದು ಮುಂಬೈಯ ಕಲ್ಲನ್ನು. ಈ ಊರು ಕೂತಿರುವುದು ಆರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ದಖನ್ನಿನ ಬಸಾಲ್ಟಿನ ಮೇಲೆ. ಅಂಧೇರಿಯ ಗಿಲ್ಬರ್ಟ್ ಹಿಲ್ ಎಂಬ ಕಂಬಗಲ್ಲಿನ ಗುಡ್ಡ ಅದರದೇ ತುಣುಕು, ಸುತ್ತ ಕಟ್ಟಡಗಳು ಒತ್ತಿಕೊಂಡಿದ್ದರೂ 61 ಮೀಟರ್ ಎತ್ತರಕ್ಕೆ ನಿಂತಿದೆ. ಅದು ಸಂರಕ್ಷಿತ, ಅದನ್ನು ಮುಟ್ಟುವಂತಿಲ್ಲ. ಆದರೆ ಅದೇ ಜಾತಿಯ ಕಲ್ಲನ್ನು ಜಲ್ಲಿ ಮಾಡುವ ಕ್ರಶರುಗಳ ಹೊರಗೆ ಕರಿಧೂಳು ರಾಶಿ ಬಿದ್ದಿರುತ್ತದೆ. ಬಸಾಲ್ಟಿನಲ್ಲಿ ಸುಮಾರು ಅರ್ಧ ಸಿಲಿಕಾ, ಶೇಕಡಾ 12ರಿಂದ 14ರಷ್ಟು ಕಬ್ಬಿಣದ ಆಕ್ಸೈಡ್, ಹತ್ತರಷ್ಟು ಸುಣ್ಣ, ಸೋಡಾ, ಮೆಗ್ನೀಷಿಯಾ, ಎರಡು ಮೂರರಷ್ಟು ಟೈಟಾನಿಯಂ. ಗ್ಲೇಜ್ ಮಾಡುವವರು ಬೇರೆಬೇರೆ ಚೀಲಗಳಿಂದ ತೂಗಿ ಹಾಕುವುದನ್ನೆಲ್ಲ ಆ ಲಾವಾ ಒಂದೇ ಕಲ್ಲಿನಲ್ಲಿ ಬೆರೆಸಿಟ್ಟಿದೆ. ಧೂಳನ್ನು 100 ಮೆಶ್ಶಿನಲ್ಲಿ ಸೋಸಿ, ಮುಕ್ಕಾಲು ಪಾಲು ಅದು, ಉಳಿದ ಪಾಲಿನಲ್ಲಿ ಬೋರಾನ್ ಫ್ರಿಟ್ ಮತ್ತು ತೇಲಿಸಿ ಹಿಡಿಯಲು ಒಂದಿಷ್ಟು ಬಾಲ್ ಕ್ಲೇ. 1220ಕ್ಕೆ ಸುಟ್ಟು ತಟ್ಟನೆ ಆರಿಸಿದರೆ ಕಪ್ಪುಗಾಜು. 1050ರಿಂದ ನಿಧಾನ ಇಳಿಸಿದರೆ ಅಂಚಿನಲ್ಲಿ ತುಕ್ಕುಗೆಂಪು ಒಡೆಯುತ್ತದೆ, ದಪ್ಪವಾಗಿ ನಿಂತಲ್ಲಿ ಹಸಿರುಗಂದು ಹರಳು ಏಳುತ್ತದೆ. ಫ್ರಿಟ್ ಕಡಿಮೆ ಮಾಡಿ ತಾಪವನ್ನು 1250ಕ್ಕೆ ಏರಿಸಿ, ಮೇಲಿನಿಂದ ಸ್ವಲ್ಪ ಕೆಂಪು ಕಬ್ಬಿಣ ಸೇರಿಸಿ ಎಣ್ಣೆಹನಿಯ ಚುಕ್ಕೆ ಏಳುತ್ತದೆಯೇ ಎಂದು ಮುಂದಿನ ಆವಿಗೆಗೆ ಪರೀಕ್ಷೆಯ ಮಣ್ಣಿನ ಬಿಲ್ಲೆಗಳನ್ನು ಜೋಡಿಸಿದ್ದೇನೆ. ದಪ್ಪ ಗ್ಲೇಜ್ ಹರಿದು ಶೆಲ್ಫಿಗೆ ಅಂಟದ ಹಾಗೆ ಪ್ರತಿ ಬಿಲ್ಲೆಯ ಕೆಳಗೂ ಹಸಿಮಣ್ಣಿನ ಒಂದೊಂದು ತಟ್ಟೆ.